ಕನ್ನಡದ ಕಿವಿ, ಇಂಗ್ಲಿಷಿನ ಪ್ರಶ್ನೆಪತ್ರಿಕೆ

‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್.’ ನಮ್ಮೂರಿನ ಯಾವ ಆಫೀಸಿನಲ್ಲಿ ಹೇಳಿದರೂ ಯಾರೂ ಹುಬ್ಬೇರಿಸದ ವಾಕ್ಯ ಇದು. ಮ್ಯಾನೇಜರೂ ಹೀಗೇ ಹೇಳುತ್ತಾರೆ, ಸಂದರ್ಶನಕ್ಕೆ ಬಂದವನೂ ಹೀಗೇ ಹೇಳುತ್ತಾನೆ. ಇದೇ ವಾಕ್ಯ ಕೇಂದ್ರ ಸರ್ಕಾರದ ಹುದ್ದೆಗಳಿಗೆ ನಡೆಯುವ ಎಸ್‌ಎಸ್‌ಸಿ ಪರೀಕ್ಷೆಯ ಕಂಪ್ಯೂಟರಿನಲ್ಲಿ ಬಂದು, ಕೆಳಗಿನ ನಾಲ್ಕು ಆಯ್ಕೆಗಳಲ್ಲಿ ಕೊನೆಯದು ‘ತಿದ್ದುಪಡಿ ಬೇಕಿಲ್ಲ’ ಎಂದಿದ್ದರೆ ಎಷ್ಟೋ ಜನ ಕಣ್ಣುಮುಚ್ಚಿ ಅದನ್ನೇ ಒತ್ತುತ್ತಾರೆ. ವಾಕ್ಯದಲ್ಲಿ ಎರಡು ತಪ್ಪಿವೆ. ಸರಿಯಾದದ್ದು ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್.’

ತಪ್ಪು ಎಲ್ಲಿಂದ ಬಂತು? ‘ಐದು ವರ್ಷದಿಂದ ಇಲ್ಲೇ ಕೆಲಸ ಮಾಡ್ತಿದ್ದೀನಿ’ ಎಂಬ ಅಚ್ಚ ಕನ್ನಡದಿಂದ. ಕನ್ನಡದಲ್ಲಿ ಅದು ನೂರಕ್ಕೆ ನೂರು ಸರಿ. ಅದನ್ನೇ ಇಂಗ್ಲಿಷಿಗೆ ದಾಟಿಸುವಾಗ ಕಾಲವೂ ಕೆಟ್ಟಿತು, ‘ಇಂದ’ ಪ್ರತ್ಯಯವೂ ತಪ್ಪು ಜಾಗಕ್ಕೆ ಹೋಯಿತು.

ವಾಕ್ಯ ತಿದ್ದುವ ಪ್ರಶ್ನೆಗಳಿಗೆ ತಯಾರಿ ಮಾಡುವವರಿಗೆ ‘ಗಟ್ಟಿಯಾಗಿ ಓದಿ ನೋಡಿ, ಕಿವಿಗೆ ಯಾವುದು ಸರಿ ಅನ್ನಿಸುತ್ತದೋ ಅದನ್ನು ಆರಿಸಿ’ ಎಂಬ ಸಲಹೆ ಸಿಗುತ್ತಲೇ ಇರುತ್ತದೆ. ಇಂಗ್ಲಿಷ್ ಮನೆಮಾತಾದವರಿಗೆ ಅದು ಒಳ್ಳೆಯ ಸಲಹೆ. ನಮಗೆ ಅಪಾಯದ್ದು. ನಮ್ಮ ಕಿವಿ ಪಳಗಿರುವುದು ಕನ್ನಡದಲ್ಲಿ ಮತ್ತು ಕನ್ನಡದವರೇ ಆಡುವ ಇಂಗ್ಲಿಷಿನಲ್ಲಿ. ಭಾರತದ ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಇದು ಚೆನ್ನಾಗಿ ಗೊತ್ತು. ಅವರು ಕೊಡುವ ತಪ್ಪು ಆಯ್ಕೆಗಳು ಬಹುಪಾಲು ನಮ್ಮ ಬಾಯಿಯ ಮಾತೇ. ಹಾಗಾಗಿ ಕನ್ನಡ ಎಲ್ಲೆಲ್ಲಿ ನಮ್ಮನ್ನು ಎಳೆಯುತ್ತದೆ ಎಂದು ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ. (ಇಲ್ಲಿನ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಾ ಓದಿದರೆ ಹೆಚ್ಚು ಪ್ರಯೋಜನ.)

ಪ್ರಶ್ನೆಗಳು ಎಲ್ಲಿ ಬರುತ್ತವೆ ಎಂಬುದನ್ನು ಬೇಗ ಮುಗಿಸಿಬಿಡೋಣ. ಎಸ್‌ಎಸ್‌ಸಿಯ ಸಿಜಿಎಲ್, ಸಿಎಚ್‌ಎಸ್‌ಎಲ್, ಐಬಿಪಿಎಸ್ ಮತ್ತು ಸ್ಟೇಟ್ ಬ್ಯಾಂಕಿನ ನೇಮಕಾತಿ, ಸೇನಾಧಿಕಾರಿಗಳಿಗಾಗಿ ಯುಪಿಎಸ್‌ಸಿ ನಡೆಸುವ ಸಿಡಿಎಸ್, ನಮ್ಮ ಕೆಪಿಎಸ್‌ಸಿಯ ಪರೀಕ್ಷೆಗಳ ಸಾಮಾನ್ಯ ಇಂಗ್ಲಿಷ್ ಭಾಗ, ಎಲ್ಲದರಲ್ಲೂ ಇವು ಇವೆ. ಎಂಟಿಎಸ್‌ನಂಥ ಕೆಲವು ಕೇಂದ್ರ ಪರೀಕ್ಷೆಗಳನ್ನು 2023ರಿಂದ ಕನ್ನಡದಲ್ಲೂ ಬರೆಯಬಹುದು. ಆದರೆ ಅಲ್ಲಿಯೂ ಇಂಗ್ಲಿಷ್ ಭಾಗ ಇಂಗ್ಲಿಷಿನಲ್ಲೇ ಇರುತ್ತದೆ. ಎಂಬಿಎಗೆಂದು ಜಿಮ್ಯಾಟ್ ಬರೆಯುವವರು ಮಾತ್ರ ಒಂದು ವಿಷಯ ಗಮನಿಸಬೇಕು. ವಾಕ್ಯ ತಿದ್ದುವ ಪ್ರಶ್ನೆಗಳಿಗೆ ಹೆಸರಾಗಿದ್ದ ಆ ಪರೀಕ್ಷೆ 2023ರ ನವೆಂಬರಿನಲ್ಲಿ ಹೊಸ ರೂಪ ತಾಳಿದಾಗ ಅವನ್ನು ಪೂರ್ತಿ ಕೈಬಿಟ್ಟಿತು. ಹಳೇ ಪುಸ್ತಕದಂಗಡಿಯಲ್ಲಿ ದಪ್ಪನೆಯ ಜಿಮ್ಯಾಟ್ ಪುಸ್ತಕ ಅರ್ಧ ಬೆಲೆಗೆ ಸಿಕ್ಕಿತೆಂದು ತಂದರೆ ಅದರ ಆ ಭಾಗ ಈಗ ಜಿಮ್ಯಾಟಿಗೆ ಉಪಯೋಗವಿಲ್ಲ. ಬ್ಯಾಂಕ್ ಪರೀಕ್ಷೆಯ ಅಭ್ಯಾಸಕ್ಕೆ ಮಾತ್ರ ಚೆನ್ನಾಗಿರುತ್ತದೆ.

ಈ ಪ್ರಶ್ನೆಗಳ ರೂಪಗಳು ಮೂರು. ವಾಕ್ಯವನ್ನು ತುಂಡು ಮಾಡಿ ತಪ್ಪಿರುವ ತುಂಡು ಯಾವುದೆಂದು ಕೇಳುವುದು, ಅಡಿಗೆರೆ ಎಳೆದ ಭಾಗಕ್ಕೆ ಬದಲಿ ಕೇಳುವುದು, ನಾಲ್ಕು ವಾಕ್ಯ ಕೊಟ್ಟು ಸರಿಯಾದುದನ್ನು ಆರಿಸಲು ಹೇಳುವುದು. ಕೇಳುವ ಬಗೆ ಬೇರೆ, ಉತ್ತರಿಸುವ ದಾರಿ ಒಂದೇ.

ಮೊದಲು ಕ್ರಿಯಾಪದ

ಈ ಪ್ರಶ್ನೆಯನ್ನು ನಿಧಾನವಾಗಿ ನೋಡೋಣ. ವಾಕ್ಯ: ‘ಒನ್ ಆಫ್ ದ ಕ್ಯಾಂಡಿಡೇಟ್ ಹೂ ಹ್ಯಾಸ್ ಕ್ಲಿಯರ್ಡ್ ದ ಎಕ್ಸಾಮ್ ಆರ್ ಫ್ರಮ್ ಬೀದರ್.’ ‘ಫ್ರಮ್ ಬೀದರ್’ ಎಂಬುದರ ಹಿಂದಿನ ಭಾಗಕ್ಕೆಲ್ಲ ಅಡಿಗೆರೆ ಇದೆ. ಆಯ್ಕೆಗಳು ಇವು:

ಅ) ಒನ್ ಆಫ್ ದ ಕ್ಯಾಂಡಿಡೇಟ್ಸ್ ಹೂ ಹ್ಯಾಸ್ ಕ್ಲಿಯರ್ಡ್ ದ ಎಕ್ಸಾಮ್ ಆರ್
ಆ) ಒನ್ ಆಫ್ ದ ಕ್ಯಾಂಡಿಡೇಟ್ಸ್ ಹೂ ಹ್ಯಾವ್ ಕ್ಲಿಯರ್ಡ್ ದ ಎಕ್ಸಾಮ್ ಆರ್
ಇ) ಒನ್ ಆಫ್ ದ ಕ್ಯಾಂಡಿಡೇಟ್ಸ್ ಹೂ ಹ್ಯಾವ್ ಕ್ಲಿಯರ್ಡ್ ದ ಎಕ್ಸಾಮ್ ಈಸ್
ಈ) ಒನ್ ಆಫ್ ದ ಕ್ಯಾಂಡಿಡೇಟ್ ಹೂ ಹ್ಯಾವ್ ಕ್ಲಿಯರ್ಡ್ ದ ಎಕ್ಸಾಮ್ ಈಸ್

ಕಿವಿಯನ್ನು ನಂಬಿದರೆ ‘ಆ’ ಬಲು ಸೊಗಸಾಗಿ ಕೇಳಿಸುತ್ತದೆ. ಕ್ಯಾಂಡಿಡೇಟ್ಸ್, ಹ್ಯಾವ್, ಆರ್, ಎಲ್ಲವೂ ಬಹುವಚನ. ಬಲೆ ಇರುವುದು ಅಲ್ಲೇ.

ಬದಲಿಗೆ ಹೀಗೆ ಮಾಡಿ. ವಾಕ್ಯದಲ್ಲಿ ಕ್ರಿಯಾಪದಗಳು ಎಷ್ಟಿವೆ? ಎರಡು: ಪಾಸಾಗುವುದು ಒಂದು, ಬೀದರಿನವರಾಗಿರುವುದು ಇನ್ನೊಂದು. ಕೊನೆಯದಕ್ಕೆ ‘ಯಾರು?’ ಎಂದು ಕೇಳಿ. ಬೀದರಿನವರು ಯಾರು? ಅಭ್ಯರ್ಥಿಗಳೆಲ್ಲ ಬೀದರಿನವರಲ್ಲ, ಅವರಲ್ಲಿ ಒಬ್ಬ. ಹಾಗಾದರೆ ಏಕವಚನ, ‘ಈಸ್’. ಈ ಒಂದು ಪ್ರಶ್ನೆಗೆ ‘ಅ’ ಮತ್ತು ‘ಆ’ ಎರಡೂ ಉರುಳಿದವು. ಉಳಿದ ಎರಡರ ನಡುವಿನ ವ್ಯತ್ಯಾಸ ಕ್ಯಾಂಡಿಡೇಟ್ ಎಂಬುದರ ಕೊನೆಯ ‘ಸ್’ ಮಾತ್ರ. ‘ಒನ್ ಆಫ್’ ಆದಮೇಲೆ ಬಹುವಚನ ಬರಲೇಬೇಕು. ಉತ್ತರ ‘ಇ’. ‘ಹೂ’ ಆದಮೇಲೆ ಹ್ಯಾಸ್ ಬರಬೇಕೋ ಹ್ಯಾವ್ ಬರಬೇಕೋ ಎಂಬ ತಲೆನೋವಿನ ಪ್ರಶ್ನೆಯನ್ನು ನಾವು ಮುಟ್ಟಲೇ ಇಲ್ಲ, ಗಮನಿಸಿದಿರಾ? ಪರೀಕ್ಷೆಯಲ್ಲಿ ಸಮಯ ಉಳಿಯುವುದು ಹೀಗೆ. ವಾಕ್ಯದಲ್ಲಿ ಮೂರು ಸಂಶಯವಿದ್ದರೆ ನಿಮಗೆ ಖಚಿತವಾಗಿ ಗೊತ್ತಿರುವುದರಿಂದ ಆರಂಭಿಸಿ. ಕಷ್ಟದ್ದು ಎಷ್ಟೋ ಸಲ ತಾನಾಗಿಯೇ ಕಳಚಿಕೊಳ್ಳುತ್ತದೆ. (ಕುತೂಹಲಕ್ಕೆ ಹೇಳುವುದಾದರೆ, ‘ಹೂ’ ಸೂಚಿಸುವುದು ಪಾಸಾದ ಎಲ್ಲರನ್ನೂ, ಆದ್ದರಿಂದ ‘ಹ್ಯಾವ್’. ‘ದ ಓನ್ಲಿ ಒನ್ ಆಫ್’ ಎಂದಿದ್ದರೆ ಪಾಸಾದವನೇ ಒಬ್ಬ, ಆಗ ‘ಹ್ಯಾಸ್’.)

‘ಒನ್ ಆಫ್ ಮೈ ಫ್ರೆಂಡ್’ ಎಂದು ನಾವು ಸರಾಗವಾಗಿ ಹೇಳುವುದಕ್ಕೂ ಕಾರಣವಿದೆ. ಕನ್ನಡದಲ್ಲಿ ವಸ್ತುವಿನ ಹೆಸರಿನ ಜೊತೆ ಸಂಖ್ಯೆ ಬಂದಮೇಲೆ ಸಾಮಾನ್ಯವಾಗಿ ಬಹುವಚನದ ಗೊಡವೆ ಇಲ್ಲ. ಹತ್ತು ಮರ, ಐದು ರೂಪಾಯಿ, ಮೂರು ಪುಸ್ತಕ. ಹತ್ತು ಎಂದಮೇಲೆ ಮತ್ತೆ ‘ಗಳು’ ಯಾಕೆ ಎನ್ನುವುದು ನಮ್ಮ ಭಾಷೆಯ ನ್ಯಾಯ. ‘ನನ್ನ ಫ್ರೆಂಡ್ ಒಬ್ಬ’ ಎನ್ನುವಲ್ಲಂತೂ ಬಹುವಚನದ ಸುಳಿವೇ ಇಲ್ಲ. ಇನ್ನೊಂದು ಕಡೆ ಇದರ ತದ್ವಿರುದ್ಧ. ಮಾಹಿತಿಗಳು, ಸಲಹೆಗಳು, ಪೀಠೋಪಕರಣಗಳು ಎಂದು ಕನ್ನಡ ಧಾರಾಳವಾಗಿ ಬಹುವಚನ ಹಚ್ಚುತ್ತದೆ. ಇಂಗ್ಲಿಷಿನಲ್ಲಿ ಇನ್ಫರ್ಮೇಶನ್, ಅಡ್ವೈಸ್, ಫರ್ನಿಚರ್, ಲಗೇಜ್, ಸೀನರಿ ಇವಕ್ಕೆ ಕೊನೆಯ ‘ಸ್’ ಸೇರಿಸಿದರೆ ಅಂಕ ಹೋಯಿತು.

ಕರ್ತೃ ಮತ್ತು ಕ್ರಿಯಾಪದದ ನಡುವೆ ಉದ್ದನೆಯ ಕಂತೆ ತುರುಕುವುದು ಪ್ರಶ್ನೆಪತ್ರಿಕೆಯವರ ಅತಿ ಹಳೆಯ ಉಪಾಯ. ‘ದ ಕ್ವಾಲಿಟಿ ಆಫ್ ದ ಮ್ಯಾಂಗೋಸ್ ಸೆಂಟ್ ಫ್ರಮ್ ರಾಮನಗರ ವರ್ ಪೂರ್’ ಎಂಬಲ್ಲಿ ಚೆನ್ನಾಗಿಲ್ಲದ್ದು ಕ್ವಾಲಿಟಿ. ಆದ್ದರಿಂದ ‘ವಾಸ್’. ‘ಆಫ್’ನಿಂದ ಶುರುವಾಗುವ ಕಂತೆಯನ್ನು ಬೆರಳಿನಿಂದ ಮುಚ್ಚಿ ಓದಿ. ‘ಆ್ಯಸ್ ವೆಲ್ ಆ್ಯಸ್’, ‘ಅಲಾಂಗ್ ವಿತ್’, ‘ಟುಗೆದರ್ ವಿತ್’ ಬಂದರೂ ಅವುಗಳಿಂದಾಚೆಗಿನದನ್ನು ಮುಚ್ಚಿಬಿಡಿ. ‘ದ ಹೆಡ್‌ಮಾಸ್ಟರ್ ಆ್ಯಸ್ ವೆಲ್ ಆ್ಯಸ್ ದ ಟೀಚರ್ಸ್ ವಾಸ್ ಪ್ರೆಸೆಂಟ್’ ಎಂಬುದೇ ಸರಿ. ‘ಐದರ್–ಆರ್’, ‘ನೈದರ್–ನಾರ್’ ಬಂದಾಗ ಮಾತ್ರ ಕ್ರಿಯಾಪದಕ್ಕೆ ಹತ್ತಿರ ಇರುವವರು ಯಜಮಾನರು: ‘ನೈದರ್ ರವಿ ನಾರ್ ಹಿಸ್ ಬ್ರದರ್ಸ್ ಹ್ಯಾವ್ ಕಮ್.’ ‘ಎ ನಂಬರ್ ಆಫ್’ ಬಹುವಚನ, ‘ದ ನಂಬರ್ ಆಫ್’ ಏಕವಚನ. ‘ಈಚ್’, ‘ಎವರಿ’ ಎಂದರೆ ಏಕವಚನ. ಇಷ್ಟು ಕೈವಶವಾದರೆ ಕರ್ತೃ–ಕ್ರಿಯಾಪದದ ಪ್ರಶ್ನೆಗಳಲ್ಲಿ ಬಹಳಷ್ಟು ನಿಮ್ಮವು.

ವಿಭಕ್ತಿ ಪ್ರತ್ಯಯಗಳ ಸೆಳೆತ

ನನ್ನ ಪ್ರಕಾರ ಕನ್ನಡಿಗರು ಅತಿ ಹೆಚ್ಚು ಎಡವುವುದು ಪ್ರಿಪೊಸಿಷನ್ನಿನಲ್ಲಿ. ಕೋಚಿಂಗ್ ಕ್ಲಾಸುಗಳಲ್ಲಿ ಇದಕ್ಕೊಂದು ಉದ್ದನೆಯ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಎನ್ನುತ್ತಾರೆ. ಮುನ್ನೂರು ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವರು ಪರೀಕ್ಷೆಯ ದಿನ ಅರ್ಧ ಮರೆತಿರುತ್ತಾರೆ. ಅದರ ಬದಲು ನಮ್ಮ ವಿಭಕ್ತಿ ಪ್ರತ್ಯಯಗಳನ್ನೇ ಒಂದೊಂದಾಗಿ ಹಿಡಿದು ನೋಡಿದರೆ ತಪ್ಪುಗಳು ಸಾಲಾಗಿ ನಿಲ್ಲುತ್ತವೆ.

‘ಗೆ’ ಪ್ರತ್ಯಯ ತೆಗೆದುಕೊಳ್ಳಿ. ‘ಅವನು ನನಗೆ ಹೇಳಿದ’ ಎಂಬುದು ‘ಹಿ ಟೋಲ್ಡ್ ಟು ಮಿ’ ಆಗುತ್ತದೆ. ‘ಊರಿಗೆ ತಲುಪಿದೆ’ ಎಂಬುದು ‘ರೀಚ್ಡ್ ಟು’ ಆಗುತ್ತದೆ. ಎರಡರಲ್ಲೂ ‘ಟು’ ಬೇಡ. (‘ಸೆಡ್’ಗೆ ಮಾತ್ರ ‘ಟು’ ಬೇಕು: ‘ಹಿ ಸೆಡ್ ಟು ಮಿ’.) ‘ಗೆದ್ದದ್ದಕ್ಕೆ ಅಭಿನಂದಿಸಿದರು’ ಎಂದು ‘ಕಂಗ್ರಾಚ್ಯುಲೇಟೆಡ್ ಫಾರ್’ ಬರೆಯುತ್ತೇವೆ. ಪರೀಕ್ಷೆ ಬಯಸುವುದು ‘ಆನ್’. ‘ಬಗ್ಗೆ’ ಎಂಬುದು ಇನ್ನೊಂದು ಗುಂಡಿ. ‘ಅದರ ಬಗ್ಗೆ ಚರ್ಚಿಸಿದೆವು’ ಎನ್ನುತ್ತೇವಲ್ಲ, ಅಲ್ಲಿಂದಲೇ ‘ಡಿಸ್ಕಸ್ಡ್ ಅಬೌಟ್’ ಹುಟ್ಟಿದೆ. ಡಿಸ್ಕಸ್ ಆದಮೇಲೆ ಏನೂ ಬೇಕಿಲ್ಲ, ನೇರವಾಗಿ ವಿಷಯ.

‘ಒಳಗೆ’ ಎಂಬುದರಿಂದ ‘ಎಂಟರ್ಡ್ ಇನ್‌ಟು ದ ರೂಮ್’ ಬರುತ್ತದೆ. ಕೋಣೆಗೆ ಬರೀ ಎಂಟರ್ಡ್ ಸಾಕು, ಒಪ್ಪಂದಕ್ಕೆ ಮಾತ್ರ ‘ಇನ್‌ಟು’ ಉಂಟು. ‘ಗಣಿತದಲ್ಲಿ ಜಾಣ’ ಎಂಬುದರಿಂದ ‘ಗುಡ್ ಇನ್’, ಬೇಕಾದದ್ದು ‘ಗುಡ್ ಆ್ಯಟ್’. ‘ನನ್ನ ಮೇಲೆ ಕೋಪ’ ಎಂಬುದರಿಂದ ‘ಆ್ಯಂಗ್ರಿ ಆನ್ ಮಿ’, ಬೇಕಾದದ್ದು ‘ಆ್ಯಂಗ್ರಿ ವಿತ್ ಮಿ’. ‘ಅವಳ ಜೊತೆ ಮದುವೆ’ ಎಂಬುದರಿಂದ ‘ಮ್ಯಾರಿಡ್ ವಿತ್’, ಬೇಕಾದದ್ದು ‘ಮ್ಯಾರಿಡ್ ಟು’. ‘ಜ್ವರದಿಂದ ಸತ್ತ’ ಎಂಬಲ್ಲಿ ಪರೀಕ್ಷೆ ‘ಆಫ್’ ಕೇಳುತ್ತದೆ.

‘ಗಿಂತ’ ಎಂಬುದನ್ನು ವಿಶೇಷವಾಗಿ ನೆನಪಿಡಿ. ‘ನನಗಿಂತ ಸೀನಿಯರ್’, ‘ಕಾಫಿಗಿಂತ ಚಹಾ ಇಷ್ಟ’ ಎಂದು ನಾವು ಹೇಳುವಾಗ ಕಿವಿಯಲ್ಲಿ ‘ದ್ಯಾನ್’ ಮೊಳಗುತ್ತದೆ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್, ಪ್ರಿಫರ್ ಇವೆಲ್ಲ ‘ಟು’ ಬೇಡುವವು. ಇದು ಪ್ರಶ್ನೆಪತ್ರಿಕೆಗಳಿಗೆ ಎಷ್ಟು ಪ್ರಿಯವೆಂದರೆ ವಾಕ್ಯದಲ್ಲಿ ‘ಸೀನಿಯರ್’ ಕಂಡ ಕೂಡಲೇ ಅದರ ಮುಂದಿನ ಪದ ನೋಡುವುದು ಅಭ್ಯಾಸವಾಗಬೇಕು.

ಕೊನೆಗೆ ‘ಇಂದ’, ಮೊದಲ ವಾಕ್ಯದ ಅಪರಾಧಿ. ಕನ್ನಡದಲ್ಲಿ ‘2019ರಿಂದ’ ಎಂದರೂ ‘ಐದು ವರ್ಷದಿಂದ’ ಎಂದರೂ ಪ್ರತ್ಯಯ ಒಂದೇ. ಇಂಗ್ಲಿಷ್ ಎರಡನ್ನೂ ಬೇರೆಬೇರೆ ಮಾಡುತ್ತದೆ. ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ತೋರಿಸಬಹುದಾದ ಆರಂಭದ ಗಳಿಗೆಯಾದರೆ ‘ಸಿನ್ಸ್’: ಸಿನ್ಸ್ 2019, ಸಿನ್ಸ್ ಮಂಡೇ, ಸಿನ್ಸ್ ಮಾರ್ನಿಂಗ್. ಅಳೆದ ಅವಧಿಯಾದರೆ ‘ಫಾರ್’. ಎರಡರಲ್ಲಿ ಯಾವುದೇ ಇದ್ದು, ಕೆಲಸ ಇನ್ನೂ ನಡೆಯುತ್ತಿದ್ದರೆ ‘ಹ್ಯಾವ್ ಬೀನ್’ ಅಥವಾ ‘ಹ್ಯಾಸ್ ಬೀನ್’. ‘ಆ್ಯಮ್’, ‘ಈಸ್’ ಇದ್ದರೆ ಆ ಆಯ್ಕೆಯನ್ನು ಹೊಡೆದುಹಾಕಿ.

ನಿನ್ನೆ ಹೋಗಿದ್ದೆ

ಕಾಲಗಳ ವಿಷಯದಲ್ಲಿ ಪುಸ್ತಕಗಳು ಹನ್ನೆರಡು ಕಾಲಗಳ ಚೌಕಟ್ಟು ಕೊಟ್ಟು ಹೆದರಿಸುತ್ತವೆ. ಕನ್ನಡಿಗರಿಗೆ ತೊಡಕು ಕೊಡುವುದು ಮುಖ್ಯವಾಗಿ ಎರಡೇ ಕಡೆ.

‘ನಿನ್ನೆ ಅವನನ್ನು ನೋಡಿದ್ದೇನೆ’ ಎಂದು ಕನ್ನಡದಲ್ಲಿ ಧಾರಾಳವಾಗಿ ಹೇಳಬಹುದು. ‘ಐ ಹ್ಯಾವ್ ಸೀನ್ ಹಿಮ್ ಎಸ್ಟರ್‌ಡೇ’ ಎಂದು ಇಂಗ್ಲಿಷಿನಲ್ಲಿ ಹೇಳುವಂತಿಲ್ಲ. ನಿನ್ನೆ, ಕಳೆದ ವಾರ, 1947ರಲ್ಲಿ, ಎರಡು ದಿನದ ಹಿಂದೆ ಎಂದು ಮುಗಿದುಹೋದ ಕಾಲವನ್ನು ಹೆಸರಿಸಿದ ಮೇಲೆ ‘ಹ್ಯಾವ್’, ‘ಹ್ಯಾಸ್’ಗೆ ಅಲ್ಲಿ ಜಾಗವಿಲ್ಲ: ‘ಐ ಸಾ ಹಿಮ್ ಎಸ್ಟರ್‌ಡೇ.’

ಎರಡನೆಯದು ‘ನಿನ್ನೆ ಮೈಸೂರಿಗೆ ಹೋಗಿದ್ದೆ’. ಎಷ್ಟು ಸಹಜವಾದ ಕನ್ನಡ! ಅದನ್ನೇ ‘ಎಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಮೈಸೂರು’ ಎಂದು ದಿನವೂ ಹೇಳುತ್ತೇವೆ. ಇಂಗ್ಲಿಷಿನ ‘ಹ್ಯಾಡ್’ ಒಂಟಿಯಾಗಿ ನಿಲ್ಲುವುದಿಲ್ಲ. ಹಿಂದೆ ನಡೆದ ಎರಡು ಸಂಗತಿಗಳಿದ್ದು, ಅವುಗಳಲ್ಲಿ ಮೊದಲು ಆದದ್ದಕ್ಕೆ ಅದು ಮೀಸಲು: ‘ದ ಬಸ್ ಹ್ಯಾಡ್ ಲೆಫ್ಟ್ ಬಿಫೋರ್ ವಿ ರೀಚ್ಡ್ ದ ಸ್ಟ್ಯಾಂಡ್.’ ಆಯ್ಕೆಯಲ್ಲಿ ‘ಹ್ಯಾಡ್’ ಕಂಡರೆ ಅದರ ಜೊತೆಗಾರ ಎಲ್ಲಿದ್ದಾನೆಂದು ಹುಡುಕಿ. ಸಿಗದಿದ್ದರೆ ಸಂಶಯಪಡಿ.

‘ಇಫ್’ ಜೊತೆಗಿನ ಪ್ರಶ್ನೆಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ‘ಇಫ್ ಐ ವುಡ್ ಹ್ಯಾವ್ ನೋನ್’ ತಪ್ಪು, ‘ಇಫ್ ಐ ಹ್ಯಾಡ್ ನೋನ್’ ಸರಿ. ‘ಇಫ್’ ಇರುವ ತುಂಡಿನಲ್ಲಿ ‘ವುಡ್’ ಇದ್ದರೆ ಪರೀಕ್ಷೆಯ ಮಟ್ಟಿಗೆ ತಪ್ಪೆಂದೇ ತಿಳಿಯಿರಿ. ‘ಅನ್‌ಲೆಸ್’ ಎಂದರೆ ‘ಇಲ್ಲದಿದ್ದರೆ’, ಅದರೊಳಗೇ ‘ಇಲ್ಲ’ ಕೂತಿದೆ. ಮತ್ತೊಂದು ‘ನಾಟ್’ ಸೇರಿಸಿ ‘ಅನ್‌ಲೆಸ್ ಯು ಡು ನಾಟ್ ಸ್ಟಡಿ, ಯು ವಿಲ್ ಫೇಲ್’ ಎಂದರೆ ಓದಿದರೆ ಫೇಲಾಗುತ್ತೀ ಎಂದಂತಾಗುತ್ತದೆ.

ಕನ್ನಡ ಕೈಹಿಡಿಯುವ ಜಾಗಗಳು

ಎಲ್ಲ ತಪ್ಪನ್ನೂ ಕನ್ನಡದ ತಲೆಗೆ ಕಟ್ಟುವುದು ಅನ್ಯಾಯ. ಎರಡು ಕಡೆ ಕನ್ನಡದ ಕಿವಿ ಇಂಗ್ಲಿಷಿನವರಿಗಿಂತ ಚುರುಕು.

ಒಂದು, ಆರ್ಟಿಕಲ್ ಪ್ರಶ್ನೆ. ‘ಎ’ ಬರಬೇಕೋ ‘ಆ್ಯನ್’ ಬರಬೇಕೋ ಎಂಬುದು ಅಕ್ಷರವನ್ನು ನೋಡಿ ತೀರ್ಮಾನಿಸುವುದಲ್ಲ, ಉಚ್ಚಾರಣೆಯಿಂದ ತೀರ್ಮಾನಿಸುವುದು. ಇಂಗ್ಲಿಷ್ ಕಾಗುಣಿತ ಇಲ್ಲಿ ಮೋಸ ಮಾಡುತ್ತದೆ, ಕನ್ನಡ ಲಿಪಿ ಮಾಡುವುದಿಲ್ಲ. ಪದವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಬರೆಯಿರಿ. ಯೂನಿವರ್ಸಿಟಿ, ಯುರೋಪಿಯನ್: ಮೊದಲಕ್ಷರ ವ್ಯಂಜನ, ‘ಎ’ ಸಾಕು. ಅವರ್, ಆನೆಸ್ಟ್, ಎಂಎಲ್‌ಎ, ಎಫ್‌ಐಆರ್: ಮೊದಲಕ್ಷರ ಸ್ವರ, ‘ಆ್ಯನ್’ ಬೇಕು. ಎರಡೇ ಎಚ್ಚರಿಕೆ. ನಮ್ಮಲ್ಲಿ ಅನೇಕರು ಎಂಎಲ್‌ಎ ಎಂಬುದನ್ನು ‘ಯೆಂಎಲ್‌ಎ’ ಎನ್ನುತ್ತಾರೆ, ಆ ‘ಯ’ ನಮ್ಮ ಬಾಯಿಯದ್ದು, ಲೆಕ್ಕಕ್ಕಿಲ್ಲ. ಹಾಗೆಯೇ ‘ಒನ್’ ಎಂದು ನಾವು ಬರೆದರೂ ಇಂಗ್ಲಿಷಿನವರ ಉಚ್ಚಾರಣೆ ‘ವನ್’, ಆದ್ದರಿಂದ ‘ಎ ಒನ್ ರುಪೀ ಕಾಯಿನ್’. ‘ದ’ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದಕ್ಕೆ ಇಂಥ ಸುಲಭದ ದಾರಿಯಿಲ್ಲ, ಅದನ್ನು ಓದಿಯೇ ರೂಢಿಸಿಕೊಳ್ಳಬೇಕು. ನದಿ, ಸಮುದ್ರ, ಪರ್ವತಶ್ರೇಣಿಗಳಿಗೆ ಬೇಕು. ಒಂಟಿ ಶಿಖರಕ್ಕೆ, ಕೆರೆಯ ಹೆಸರಿಗೆ ಸಾಮಾನ್ಯವಾಗಿ ಬೇಡ. ಅತ್ಯುತ್ತಮ, ಅತಿ ಎತ್ತರದ ಎಂಬರ್ಥದ ‘ಬೆಸ್ಟ್’, ‘ಟಾಲೆಸ್ಟ್’ಗಳಿಗೆ ಬೇಕು ಎಂಬಷ್ಟರಿಂದ ಶುರುಮಾಡಿ.

ಇನ್ನೊಂದು ಜಾಗ ಹೆಚ್ಚು ಸ್ವಾರಸ್ಯದ್ದು. ‘ಊಟ ಮಾಡಿ ಮಳೆ ಬಂತು.’ ಕನ್ನಡ ಬಲ್ಲ ಯಾರಿಗಾದರೂ ಇದು ಕೇಳಿದ ತಕ್ಷಣ ನಗು ಬರುತ್ತದೆ. ಊಟ ಮಾಡಿದ್ದು ಮಳೆಯೇ? ‘ಊಟ ಮಾಡಿದ ಮೇಲೆ ಮಳೆ ಬಂತು’ ಎನ್ನಬೇಕು. ‘ಮಾಡಿ’, ‘ನಡೆಯುತ್ತಾ’ ಎಂಬ ರೂಪ ಬಂದರೆ ಅದರ ಕರ್ತೃವೂ ಮುಖ್ಯ ಕ್ರಿಯಾಪದದ ಕರ್ತೃವೂ ಸಾಮಾನ್ಯವಾಗಿ ಒಂದೇ ಆಗಿರಬೇಕೆಂಬ ನಿಯಮ ನಮ್ಮ ರಕ್ತದಲ್ಲೇ ಇದೆ. ಇಂಗ್ಲಿಷಿನ ‘ಡ್ಯಾಂಗ್ಲಿಂಗ್ ಮಾಡಿಫೈಯರ್’ ಎಂಬ ಭಯಂಕರ ಹೆಸರಿನ ಪಾಠ ಹೇಳುವುದೂ ಇದನ್ನೇ. ‘ಹ್ಯಾವಿಂಗ್ ಫಿನಿಶ್ಡ್ ದ ಹೋಮ್‌ವರ್ಕ್, ದ ಟಿವಿ ವಾಸ್ ಸ್ವಿಚ್ಡ್ ಆನ್’ ಎಂಬಲ್ಲಿ ಹೋಮ್‌ವರ್ಕ್ ಮುಗಿಸಿದ್ದು ಟಿವಿ ಆಯಿತು. ‘ವಾಕಿಂಗ್ ಅಲಾಂಗ್ ದ ರೋಡ್, ಎ ಡಾಗ್ ಬಿಟ್ ಹಿಮ್’ ಎಂಬಲ್ಲಿ ವಾಕಿಂಗ್ ಹೊರಟದ್ದು ನಾಯಿ. ವಾಕ್ಯ ‘ಇಂಗ್’ ರೂಪದಿಂದ ಶುರುವಾಗಿ ಅಲ್ಪವಿರಾಮ ಬಂದರೆ, ಆ ತುಂಡನ್ನು ಕನ್ನಡದ ‘ಮಾಡಿ’, ‘ಮಾಡುತ್ತಾ’ ರೂಪಕ್ಕೆ ತಿರುಗಿಸಿ, ಅಲ್ಪವಿರಾಮದ ನಂತರದ ಮೊದಲ ನಾಮಪದದ ಜೊತೆ ಕೂಡಿಸಿ ಓದಿ. ನಗು ಬಂದರೆ ತಪ್ಪು. ‘ಹ್ಯಾವಿಂಗ್ ಫಿನಿಶ್ಡ್ ದ ಹೋಮ್‌ವರ್ಕ್, ರವಿ ಸ್ವಿಚ್ಡ್ ಆನ್ ದ ಟಿವಿ’ ಎಂಬುದಕ್ಕೆ ನಗು ಬರುವುದಿಲ್ಲ. ಒಂದೇ ಷರತ್ತು, ತಿರುಗಿಸುವಾಗ ‘ಮಾಡುವಾಗ’ ಎಂಬ ರೂಪ ಬಳಸಬೇಡಿ. ‘ಹೋಗುವಾಗ ನಾಯಿ ಕಚ್ಚಿತು’ ಎಂಬುದು ಕನ್ನಡದಲ್ಲಿ ಸರಿಯೇ ಆಗಿರುವುದರಿಂದ ಈ ನಗುವಿನ ಪರೀಕ್ಷೆ ಕೆಡುತ್ತದೆ.

ಪದಗಳ ಕ್ರಮದ ಪ್ರಶ್ನೆಯಲ್ಲಿ ಮಾತ್ರ ನಮ್ಮ ಕಷ್ಟ ವಿಚಿತ್ರವಾದದ್ದು. ಕನ್ನಡದಲ್ಲಿ ಪ್ರಶ್ನೆ ಕೇಳುವಾಗ ಪದಗಳು ಜಾಗ ಬದಲಿಸಬೇಕಿಲ್ಲ. ಇಂಗ್ಲಿಷಿನಲ್ಲಿ ಬದಲಿಸಬೇಕೆಂದು ಶಾಲೆಯಲ್ಲಿ ಕಷ್ಟಪಟ್ಟು ಕಲಿಯುತ್ತೇವೆ: ‘ವೇರ್ ಆರ್ ಯು ಗೋಯಿಂಗ್?’ ಕಲಿತದ್ದು ಎಷ್ಟು ಗಟ್ಟಿಯಾಗುತ್ತದೆಂದರೆ ಬೇಡದ ಕಡೆಯೂ ಬದಲಿಸುತ್ತೇವೆ: ‘ಹಿ ಆಸ್ಕ್ಡ್ ಮಿ ವೇರ್ ವಾಸ್ ಐ ಗೋಯಿಂಗ್.’ ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆಯೊಳಗೆ ಹೋದಮೇಲೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ, ಕ್ರಮ ಮೊದಲಿನಂತೆ: ‘ವೇರ್ ಐ ವಾಸ್ ಗೋಯಿಂಗ್’. ‘ನೋ ಸೂನರ್’ ಬಂದರೆ ಜೋಡಿ ‘ದ್ಯಾನ್’, ‘ಹಾರ್ಡ್‌ಲಿ’ ಬಂದರೆ ಜೋಡಿ ‘ವೆನ್’. ಇವು ವಾಕ್ಯದ ಆರಂಭದಲ್ಲಿದ್ದರೆ ಕ್ರಮ ತಿರುಗಲೇಬೇಕು: ‘ನೋ ಸೂನರ್ ಡಿಡ್ ದ ಬೆಲ್ ರಿಂಗ್ ದ್ಯಾನ್…’ ಇವನ್ನು ಮಾತಿನಲ್ಲಿ ಯಾರೂ ಬಳಸುವುದಿಲ್ಲ, ಪರೀಕ್ಷೆಯಲ್ಲಿ ಕೇಳುವುದನ್ನು ಯಾರೂ ಬಿಡುವುದಿಲ್ಲ.

ಯಾರ ಇಂಗ್ಲಿಷ್ ಸರಿ?

ಇಲ್ಲೊಂದು ಜಗಳ ಇದೆ. ನಮ್ಮ ಸರ್ಕಾರಿ ಪರೀಕ್ಷೆಗಳ ಇಂಗ್ಲಿಷ್ ಇಂದಿನ ಲಂಡನ್ನಿನದೂ ಅಲ್ಲ, ಇಂದಿನ ಬೆಂಗಳೂರಿನದೂ ಅಲ್ಲ. ಅದು ಬಹುಮಟ್ಟಿಗೆ ರೆನ್ ಮತ್ತು ಮಾರ್ಟಿನ್ ಅವರದು. 1930ರ ದಶಕದಲ್ಲಿ ಭಾರತದ ಶಾಲೆಗಳಿಗೆಂದು ಬಂದ ಆ ವ್ಯಾಕರಣ ಪುಸ್ತಕ, ಎನ್.ಡಿ.ವಿ. ಪ್ರಸಾದ ರಾವ್ ಅವರ ಪರಿಷ್ಕರಣೆಯೊಂದಿಗೆ ಇಂದಿಗೂ ಮಾರಾಟವಾಗುತ್ತಿದೆ. ಅದರ ಲೇಖಕರಲ್ಲಿ ಒಬ್ಬರಾದ ಪಿ.ಸಿ. ರೆನ್ ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದವರು. ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿಯಿಂದ ಹೊರದೇಶಗಳಲ್ಲಿ ಹೆಸರಾದವರು. ಅಲ್ಲಿನವರಿಗೆ ಕಾದಂಬರಿಕಾರ, ನಮಗೆ ವ್ಯಾಕರಣದ ಮೇಷ್ಟ್ರು!

ಇದರಿಂದ ಆಗಿರುವುದೇನೆಂದರೆ, ಬಳಕೆಯಲ್ಲಿ ಸಡಿಲಗೊಂಡ ಎಷ್ಟೋ ನಿಯಮಗಳು ಪರೀಕ್ಷೆಯಲ್ಲಿ ಇನ್ನೂ ಬಿಗಿಯಾಗಿವೆ. ಇಬ್ಬರಿದ್ದರೆ ‘ಈಚ್ ಅದರ್’, ಹೆಚ್ಚು ಜನರಿದ್ದರೆ ‘ಒನ್ ಅನದರ್’ ಎಂಬ ಗೆರೆಯನ್ನು ಇಂದಿನ ಬಳಕೆಯ ಕೈಪಿಡಿಗಳು ಒತ್ತಾಯಿಸುವುದಿಲ್ಲ. ಎಣಿಸಬಹುದಾದದ್ದಕ್ಕೆ ‘ಫ್ಯೂಯರ್’, ಎಣಿಸಲಾಗದ್ದಕ್ಕೆ ‘ಲೆಸ್’ ಎಂಬುದನ್ನು ಇಂಗ್ಲಿಷಿನವರೇ ಮಾತಿನಲ್ಲಿ ದಿನವೂ ಮುರಿಯುತ್ತಾರೆ. ‘ಒನ್ ಮಸ್ಟ್ ಡು ಹಿಸ್ ಡ್ಯೂಟಿ’ ಎಂಬುದನ್ನು ತಪ್ಪೆಂದು ಗುರುತಿಸಿ ‘ಒನ್ಸ್ ಡ್ಯೂಟಿ’ ಎನ್ನಬೇಕಾಗಿ ಬರುವುದು ಪರೀಕ್ಷೆಯಲ್ಲಿ ಮಾತ್ರ. ‘ಕಸಿನ್ ಬ್ರದರ್’ ಎಂಬುದು ನಮ್ಮ ಸಂಬಂಧಗಳ ಲೆಕ್ಕದಲ್ಲಿ ಅತ್ಯಂತ ಅರ್ಥಪೂರ್ಣ, ದೊಡ್ಡಪ್ಪನ ಮಗ ನಮಗೆ ಅಣ್ಣನೇ ತಾನೇ. ಪರೀಕ್ಷೆಗೆ ಬರೀ ‘ಕಸಿನ್’. ಇದು ನ್ಯಾಯವೇ ಎಂದರೆ ನನಗೆ ಹಾಗನ್ನಿಸುವುದಿಲ್ಲ. ಗುಮಾಸ್ತರ ಹುದ್ದೆಗೆ ‘ಒನ್ ಅನದರ್’ ಅಳತೆಗೋಲಾಗುವುದು ತಮಾಷೆಯೇ. ಆದರೆ ಆ ವಾದವನ್ನು ಕೆಲಸ ಸಿಕ್ಕಮೇಲೆ ಮಾಡೋಣ. ಹಾಲ್‌ನಲ್ಲಿ ಕೂತಾಗ ಪುಸ್ತಕದ ನಿಯಮಕ್ಕೇ ಗುರುತು ಹಾಕಿ.

ತಪ್ಪೇ ಇಲ್ಲದಿದ್ದರೆ

‘ತಪ್ಪಿಲ್ಲ’ ಎಂಬ ಆಯ್ಕೆಗೆ ಎರಡು ಬಗೆಯ ಜನ ಬಲಿಯಾಗುತ್ತಾರೆ. ಏನೂ ತೋಚದಾಗ ಅದನ್ನೇ ಒತ್ತುವವರು ಒಂದು ಬಗೆ. ಪ್ರಶ್ನೆ ಕೊಟ್ಟಿದ್ದಾರೆಂದರೆ ತಪ್ಪಿರಲೇಬೇಕು ಎಂದು ಸರಿಯಾದ ವಾಕ್ಯವನ್ನೂ ಕೆರೆದು ಗಾಯ ಮಾಡುವವರು ಇನ್ನೊಂದು ಬಗೆ. ಇಬ್ಬರಿಗೂ ಔಷಧ ಒಂದೇ: ನೋಡುವ ಕ್ರಮವನ್ನು ಖಾಯಂ ಮಾಡಿಕೊಳ್ಳುವುದು. ಕ್ರಿಯಾಪದ ಮತ್ತು ಅದರ ಕರ್ತೃ, ಕಾಲ ಸೂಚಿಸುವ ಪದ, ಪ್ರಿಪೊಸಿಷನ್, ಆರ್ಟಿಕಲ್ ಮತ್ತು ಬಹುವಚನದ ‘ಸ್’, ಜೋಡಿಪದಗಳು. ಈ ಸುತ್ತು ಮುಗಿಸಿಯೂ ಏನೂ ಸಿಗದಿದ್ದರೆ ನಿಶ್ಚಿಂತೆಯಿಂದ ‘ತಪ್ಪಿಲ್ಲ’ ಎನ್ನಿ. ಸಿಜಿಎಲ್ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅಂದರೆ ಒಂದಕ್ಕೆ 36 ಸೆಕೆಂಡು. ವ್ಯಾಕರಣದ ಪ್ರಶ್ನೆಗೆ ಅಷ್ಟೂ ಬೇಕಿಲ್ಲ. ಇಲ್ಲಿ ಉಳಿಸಿದ್ದು ಗಣಿತಕ್ಕೆ ಆಗುತ್ತದೆ.

ನೆಗೆಟಿವ್ ಅಂಕದ ಲೆಕ್ಕವನ್ನೂ ಮೊದಲೇ ಮಾಡಿಟ್ಟುಕೊಳ್ಳಿ. ಸಿಜಿಎಲ್ ಮೊದಲ ಹಂತದಲ್ಲಿ ಸರಿ ಉತ್ತರಕ್ಕೆ 2 ಅಂಕ, ತಪ್ಪಿಗೆ ಅರ್ಧ ಅಂಕ ಕಡಿತ. ನಾಲ್ಕರಲ್ಲಿ ಒಂದನ್ನು ಕಣ್ಣುಮುಚ್ಚಿ ಒತ್ತಿದರೆ ಸರಾಸರಿ ಸಿಗುವುದು 0.125 ಅಂಕ, ಏನೂ ಇಲ್ಲ ಎನ್ನಬಹುದು. ಎರಡು ಆಯ್ಕೆ ಖಚಿತವಾಗಿ ತೆಗೆದುಹಾಕಿ ಉಳಿದೆರಡರಲ್ಲಿ ಒಂದನ್ನು ಒತ್ತಿದರೆ ಅದೇ ಸರಾಸರಿ 0.75ಕ್ಕೆ ಏರುತ್ತದೆ. ಬೀದರಿನ ವಾಕ್ಯದಲ್ಲಿ ‘ಈಸ್’ ಒಂದರಿಂದಲೇ ನಾವು ಎರಡನ್ನು ತೆಗೆದೆವಲ್ಲ, ಅಷ್ಟು ಗೊತ್ತಿದ್ದವರು ಆ ಪ್ರಶ್ನೆಯನ್ನು ಬಿಡಬಾರದು. ಎರಡನೆಯ ಹಂತದಲ್ಲಿ 3 ಅಂಕಕ್ಕೆ 1 ಕಡಿತ. ಅಲ್ಲಿ ಕುರುಡು ಊಹೆಯ ಸರಾಸರಿ ಸೊನ್ನೆ. ಐದು ಆಯ್ಕೆಯಿದ್ದು ಕಾಲು ಭಾಗ ಕಡಿಯುವ ಬ್ಯಾಂಕ್ ಪರೀಕ್ಷೆಯಲ್ಲೂ ಸೊನ್ನೆಯೇ. ನಿಯಮಗಳು ಬದಲಾಗುತ್ತಿರುತ್ತವೆ, ನಿಮ್ಮ ವರ್ಷದ ಅಧಿಸೂಚನೆ ಓದಿ ಈ ಲೆಕ್ಕ ಮತ್ತೆ ಮಾಡಿ.

ಅಭ್ಯಾಸಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳಿಗಿಂತ ಒಳ್ಳೆಯದು ಇನ್ನೊಂದಿಲ್ಲ. ನೂರು ಪ್ರಶ್ನೆ ಬಿಡಿಸಿ ಎಪ್ಪತ್ತು ಸರಿ ಬಂತೆಂದು ಖುಷಿಪಟ್ಟು ಮುಂದಿನ ಪತ್ರಿಕೆಗೆ ಹೋಗುವುದರಿಂದ ಲಾಭ ಕಡಿಮೆ. ತಪ್ಪಾದ ಮೂವತ್ತನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಅದರ ಕನ್ನಡ ವಾಕ್ಯವನ್ನೂ ಬರೆಯಿರಿ. ಯಾವ ಪ್ರತ್ಯಯ, ಯಾವ ಕ್ರಿಯಾರೂಪ ನಿಮ್ಮನ್ನು ಎಳೆಯಿತು ಎಂದು ಅಲ್ಲೇ ಕಾಣುತ್ತದೆ. ಕೆಲವರಿಗೆ ‘ಗೆ’ ಕಾಟ, ಕೆಲವರಿಗೆ ‘ಹೋಗಿದ್ದೆ’ ಕಾಟ. ಪುಸ್ತಕಗಳಲ್ಲಿ ರೆನ್ ಮತ್ತು ಮಾರ್ಟಿನ್ ನಿಯಮ ನೋಡಲು ಇರಲಿ. ಅರ್ಥವಾಗುವಂತೆ ಕಲಿಯಲು ರೇಮಂಡ್ ಮರ್ಫಿಯವರ ‘ಇಂಗ್ಲಿಷ್ ಗ್ರಾಮರ್ ಇನ್ ಯೂಸ್’ ಉತ್ತಮ. ಪಾಠವೂ ಅದರ ಅಭ್ಯಾಸವೂ ಎದುರುಬದುರು ಪುಟಗಳಲ್ಲೇ ಇರುವುದರಿಂದ ಮೇಷ್ಟ್ರಿಲ್ಲದೆಯೂ ನಡೆಯುತ್ತದೆ. ಸಂಶಯ ಬಂದಾಗ ತೆರೆಯಲು ಮೈಕಲ್ ಸ್ವಾನ್ ಅವರ ‘ಪ್ರಾಕ್ಟಿಕಲ್ ಇಂಗ್ಲಿಷ್ ಯೂಸೇಜ್’ ಲೈಬ್ರರಿಯಲ್ಲಿ ಸಿಕ್ಕರೆ ಸಾಕು, ಕೊಳ್ಳಬೇಕಿಲ್ಲ.

ಆ ನೋಟ್‌ಬುಕ್ಕಿನಲ್ಲಿ ಪ್ರತಿ ನಿಯಮದ ಎದುರಿಗೆ ಪುಸ್ತಕದ ಹೆಸರು, ಪುಟಸಂಖ್ಯೆ ಬರೆದಿಡಿ. ಪರೀಕ್ಷೆ ಮುಗಿದ ಮೇಲೆ ಎಸ್‌ಎಸ್‌ಸಿ ತಾತ್ಕಾಲಿಕ ಕೀ ಉತ್ತರಗಳನ್ನು ಪ್ರಕಟಿಸಿ, ನಿಗದಿತ ದಿನದೊಳಗೆ ಪ್ರತಿ ಪ್ರಶ್ನೆಗೆ ಇಷ್ಟೆಂದು ಶುಲ್ಕ ಪಡೆದು ಆಕ್ಷೇಪಣೆ ಸ್ವೀಕರಿಸುತ್ತದೆ. ನಮ್ಮ ರಾಜ್ಯದ ಪರೀಕ್ಷೆಗಳಲ್ಲೂ ಆಕ್ಷೇಪಣೆಗೆ ಅವಕಾಶವಿದೆ. ವ್ಯಾಕರಣದ ಪ್ರಶ್ನೆಗಳಲ್ಲಿ ಕೀ ಉತ್ತರವೇ ತಪ್ಪಿರುವುದೂ ಉಂಟು. ಆಗ ‘ಇದೂ ಸರಿ ಕೇಳಿಸುತ್ತದೆ’ ಎಂದು ಬರೆದರೆ ಯಾರೂ ಓದುವುದಿಲ್ಲ. ಪುಟಸಂಖ್ಯೆ ಕೈಯಲ್ಲಿದ್ದರೆ ಗಡುವಿನ ಕೊನೆಯ ದಿನ ಪುಸ್ತಕವೆಲ್ಲ ತಿರುವಿ ಹಾಕುವುದು ತಪ್ಪುತ್ತದೆ.